ರಿಜಿಸ್ಟರಿನಲ್ಲಿ ನಾನು 'ಶಾಂತ' ಅಂತ ಬರೆದಿದ್ದೆ

ಆ ಬಾಗಿಲಿಗೆ ಬೀಗ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಯಾರು ಕೇಳಿದರೂ ನಾವೆಲ್ಲ ಮೊದಲು ಹೇಳುತ್ತಿದ್ದದ್ದು ಅದನ್ನೇ. "ಬೀಗ ಹಾಕೋದಿಲ್ಲ, ಸುಮ್ನೆ ಹಿಡ್ಕೊಂಡಿರ್ತೀವಿ ಅಷ್ಟೇ." ಹೊರಗಡೆ ಒಂದು ಹಿಡಿ ಇತ್ತು. ಅದನ್ನು ಎತ್ತಿ ಹಿಡಿದಿರುವಷ್ಟು ಹೊತ್ತು ಒಳಗಿನಿಂದ ಬಾಗಿಲು ತೆಗೆಯಲು ಬರುತ್ತಿರಲಿಲ್ಲ. ಕೈ ಬಿಟ್ಟರೆ ತೆರೆದುಕೊಳ್ಳುತ್ತಿತ್ತು. ಹಾಗಾಗಿ ಯಾರಾದರೂ ಒಬ್ಬರು ಅಲ್ಲಿ ನಿಂತಿರಲೇಬೇಕಿತ್ತು. ಆ ಒಬ್ಬರು ಹೆಚ್ಚಾಗಿ ನಾನೇ, ಯಾಕೆಂದರೆ ಆ ಶಾಲೆಗೆ ಸಹಾಯಕಿಯಾಗಿ ಹೊಸದಾಗಿ ಸೇರಿದವಳು ನಾನು.

ಆ ಕೋಣೆಗೆ ನಾವು ಇಟ್ಟಿದ್ದ ಹೆಸರು 'ಕಾಮ್ ರೂಮ್', ಅಂದರೆ ಮಗು ಶಾಂತವಾಗಲಿ ಅಂತ ಕೂಡಿಸುವ ಕೋಣೆ. ಕೋಣೆ ಅನ್ನೋದೂ ಜಾಸ್ತಿ ಆಯಿತೇನೋ. ದೊಡ್ಡವರೊಬ್ಬರು ಎರಡೂ ಕೈ ಚಾಚಿದರೆ ಗೋಡೆಗೆ ತಾಗುವಷ್ಟು ಜಾಗ. ಕಿಟಕಿ ಇಲ್ಲ. ಅರ್ಧ ಗೋಡೆಯವರೆಗೆ ನೀಲಿ ಫೋಮ್ ಅಂಟಿಸಿದ್ದರು. ಯಾವುದೋ ಮಗು ಅದರ ಒಂದು ಮೂಲೆಯನ್ನು ಉಗುರಿನಿಂದ ಕೆರೆದು ಕೆರೆದು ಒಳಗಿನ ಹಳದಿ ಸ್ಪಂಜು ಹೊರಗೆ ಬಂದಿತ್ತು. ಬಾಗಿಲಿನಲ್ಲಿ ಒಳಗೆ ನೋಡುವುದಕ್ಕೆ ಒಂದು ಪುಟ್ಟ ಗಾಜು. ಅದು ನನ್ನ ಕಣ್ಣಿನ ಎತ್ತರಕ್ಕಿತ್ತು, ಎಂಟು ವರ್ಷದ ಹುಡುಗನ ಕಣ್ಣಿನ ಎತ್ತರಕ್ಕಲ್ಲ. ನನಗೆ ಅವನು ಕಾಣಿಸುತ್ತಿದ್ದ. ಅವನಿಗೆ ನಾನು ಕಾಣಿಸುತ್ತಿರಲಿಲ್ಲ.

ಅವನಿಗೆ ಆಟಿಸಂ ಇತ್ತು. ಮಾತು ತೀರಾ ಕಡಿಮೆ, ಹತ್ತು ಹನ್ನೆರಡು ಪದ, ಅದೂ ಮನಸ್ಸು ನೆಟ್ಟಗಿದ್ದಾಗ. ನಾನು ಅವನಿಗಾಗಿ ಮೊದಲ ಸಲ ಬಾಗಿಲು ಹಿಡಿದ ದಿನ ಅವನು ಮೊದಲು ಒದ್ದ, ಆಮೇಲೆ ಬಡಿದ, ಆಮೇಲೆ ಒಳಗಿನಿಂದ ಹಿಡಿಯನ್ನು ತಿರುಗಿಸಲು ನೋಡಿದ. ಅವನು ತಿರುಗಿಸುವುದು ನನ್ನ ಅಂಗೈಗೆ ಗೊತ್ತಾಗುತ್ತಿತ್ತು. ಒಂದೇ ಹಿಡಿಯ ಆ ಕಡೆ ಅವನು, ಈ ಕಡೆ ನಾನು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಕೆಳಗೆ ನೋಡಿದರೆ ಬಾಗಿಲ ಸಂದಿಯಿಂದ ನಾಲ್ಕು ಬೆರಳು ಹೊರಗೆ ಬಂದಿದ್ದವು. ತುದಿ ಮಾತ್ರ, ಉಗುರು ಕಾಣುವಷ್ಟು. ನನ್ನ ಚಪ್ಪಲಿಗೆ ಒಂದು ಗೇಣು ದೂರ. ಅಲುಗಾಡುತ್ತಿರಲಿಲ್ಲ.

ರಿಜಿಸ್ಟರಿನಲ್ಲಿ ನಾನು ಬರೆದದ್ದು ಇಷ್ಟು:

11.42 – ಒಳಗೆ. ಒದೆಯುತ್ತಿದ್ದಾನೆ.
11.50 – ಕಿರುಚಾಟ, ಬಾಗಿಲು ಬಡಿತ.
11.58 – ಅಳು.
12.04 – ಶಾಂತ. ಹೊರಗೆ.

ಹೊರಗೆ ಕರೆದುಕೊಂಡು ಬಂದಾಗ ಅವನ ಚಡ್ಡಿ ಒದ್ದೆಯಾಗಿತ್ತು. ಅದನ್ನು ಬರೆಯುವುದಕ್ಕೆ ಕಾಲಂ ಇರಲಿಲ್ಲ.

ಇದಾಗಿ ಒಂದೆರಡು ತಿಂಗಳಿಗೆ ಅವನಮ್ಮ ಸಂಜೆ ಕರೆದುಕೊಂಡು ಹೋಗಲು ಬಂದಾಗ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. "ಮಿಸ್, ಇವನು ಈಗೀಗ ಮನೇಲಿ ಬಾತ್‌ರೂಮ್ ಬಾಗಿಲು ಹಾಕೋಕೇ ಬಿಡ್ತಿಲ್ಲ. ನಾನು ಒಳಗೆ ಹೋದ್ರೂ ಬಾಗಿಲಿಗೆ ಕಾಲು ಅಡ್ಡ ಇಟ್ಕೊಂಡು ಕೂತಿರ್ತಾನೆ. ಯಾಕೆ ಅಂತ ನಿಮಗೇನಾದ್ರೂ ಗೊತ್ತಾ?"

ಗೊತ್ತಿಲ್ಲ ಅಂದೆ. ಮಕ್ಕಳು ಒಂದೊಂದು ಸಲ ಹಾಗೇ ಅಲ್ವಾ, ಸರಿ ಹೋಗ್ತಾನೆ ಬಿಡಿ ಅಂದೆ.

ಈ ಬರಹ ಬರೆಯುತ್ತಿರುವುದು ಆ ಉತ್ತರಕ್ಕಾಗಿ.

ಇಂಗ್ಲಿಷಿನಲ್ಲಿ ಇದಕ್ಕೆ ರೆಸ್ಟ್ರೇಂಟ್, ಸೆಕ್ಲೂಷನ್ ಅಂತ ನಯವಾದ ಹೆಸರುಗಳಿವೆ. ಕನ್ನಡದಲ್ಲಿ ಹೇಳಿದರೆ ಹಿಡಿದು ಅದುಮೋದು, ಕೂಡಿ ಹಾಕೋದು. ಕನ್ನಡದಲ್ಲಿ ಹೇಳಿದ ಕೂಡಲೇ ಅದೇನು ಅಂತ ಗೊತ್ತಾಗಿಬಿಡುತ್ತದೆ, ಬಹುಶಃ ಅದಕ್ಕೇ ಫಾರಂಗಳಲ್ಲಿ ಯಾರೂ ಕನ್ನಡದಲ್ಲಿ ಬರೆಯುವುದಿಲ್ಲ. ಹಿಡಿಯುವುದು ಅಂದರೆ ಬರೀ ಕೈಯಿಂದ ಹಿಡಿಯುವುದಲ್ಲ. ನೆಟ್ಟಗೆ ಕೂರಲು ಆಗದ ಮಗುವಿಗೆ ಅಂತ ಮಾಡಿದ ಬೆಲ್ಟಿನ ಕುರ್ಚಿಯಲ್ಲಿ, ಚೆನ್ನಾಗಿ ಓಡಾಡುವ ಮಗುವನ್ನು ಎದ್ದು ಓಡಬಾರದು ಅಂತ ಬಿಗಿದು ಕೂರಿಸುವುದೂ ಅದೇ. ವೀಲ್‌ಚೇರಿನ ಬ್ರೇಕ್ ಹಾಕಿ ಮಗುವನ್ನು ಗೋಡೆಗೆ ಮುಖ ಮಾಡಿ ಬಿಡುವುದೂ ಅದೇ. ಟ್ಯಾಬಿನಲ್ಲಿ ಚಿತ್ರ ಒತ್ತಿ ಮಾತಾಡುವ ಮಗುವಿನ ಕೈಯಿಂದ 'ಶಿಕ್ಷೆ' ಅಂತ ಆ ಟ್ಯಾಬ್ ಕಿತ್ತಿಟ್ಟುಕೊಳ್ಳುವುದನ್ನು ಕಾನೂನು ಯಾವ ಹೆಸರಿನಿಂದ ಕರೆಯುತ್ತದೋ ಏನೋ, ನನ್ನ ಪ್ರಕಾರ ಅದು ಬಾಯಿಗೆ ಕೈ ಅಡ್ಡ ಹಿಡಿದ ಹಾಗೆ.

ಕೆಲಸ ಬಿಟ್ಟ ಮೇಲೆ ನಾನು ಈ ವಿಷಯ ಓದತೊಡಗಿದೆ. ತಪ್ಪು ಮಾಡಿದವರು ಹಾಗೆಯೇ, ಆಮೇಲೆ ಕೂತು ಓದುತ್ತಾರೆ. ಹೆಚ್ಚು ದಾಖಲೆ ಸಿಗುವುದು ಅಮೆರಿಕದ್ದು. ಅಲ್ಲಿ ಜಾಸ್ತಿ ಕೆಟ್ಟವರಿದ್ದಾರೆ ಅಂತಲ್ಲ, ಅಲ್ಲಿ ಎಣಿಸುತ್ತಾರೆ ಅಂತ. ಎಣಿಸದ ಕಡೆ ಇದು ನಡೆಯುವುದೇ ಇಲ್ಲ ಅಂದುಕೊಳ್ಳಬೇಡಿ. 2017-18ರ ಒಂದು ಶಾಲಾ ವರ್ಷದಲ್ಲಿ ಅಲ್ಲಿನ ಶಾಲೆಗಳು ತಾವೇ ಒಪ್ಪಿಕೊಂಡು ಸರ್ಕಾರಕ್ಕೆ ಕೊಟ್ಟ ಲೆಕ್ಕದಂತೆ ಸುಮಾರು 1,02,000 ಮಕ್ಕಳನ್ನು ಹಿಡಿದಿದ್ದರು, ಕಟ್ಟಿದ್ದರು ಅಥವಾ ಕೂಡಿ ಹಾಕಿದ್ದರು. ಒಟ್ಟು ಮಕ್ಕಳಲ್ಲಿ ವಿಶೇಷ ಶಿಕ್ಷಣ ಪಡೆಯುವ ಅಂಗವಿಕಲ ಮಕ್ಕಳು ಶೇ. 13 ಇದ್ದರು. ಆದರೆ ಕೈಯಿಂದ ಹಿಡಿಸಿಕೊಂಡವರಲ್ಲಿ ಅವರು ಶೇ. 80, ಕೋಣೆಗೆ ಹೋದವರಲ್ಲಿ ಶೇ. 77.

ಇನ್ನೊಂದು ವಿಷಯ ಓದಿ ನನಗೆ ತಲೆ ಬಿಸಿಯಾಯಿತು. 1998ರಲ್ಲಿ 'ಹಾರ್ಟ್‌ಫರ್ಡ್ ಕೊರಂಟ್' ಅನ್ನುವ ಪತ್ರಿಕೆ, ಹಿಡಿದು ಕಟ್ಟುವುದರಿಂದ ಮಾನಸಿಕ ಆಸ್ಪತ್ರೆಗಳಲ್ಲಿ, ವಸತಿ ಕೇಂದ್ರಗಳಲ್ಲಿ ಹತ್ತು ವರ್ಷದಲ್ಲಿ ಸತ್ತವರನ್ನು ಹುಡುಕಿ ಎಣಿಸಿತು. 142 ಸಾವು. ಗಲಾಟೆಯಾಯಿತು, 2000ದಲ್ಲಿ ಕಾನೂನು ಬಂತು. ಆಸ್ಪತ್ರೆಯಲ್ಲಿ ಒಬ್ಬರನ್ನು ಕಟ್ಟಬೇಕಾದರೆ ವೈದ್ಯರ ಆದೇಶ ಬೇಕು, ಇಂತಿಷ್ಟೇ ಹೊತ್ತು ಅನ್ನುವ ಮಿತಿ ಬೇಕು. ಸರಿ. ಶಾಲೆಗಳಿಗೆ? ಅವನ್ನು ಆ ಕಾನೂನು ಮುಟ್ಟಲೇ ಇಲ್ಲ. ಬಿಳಿ ಕೋಟು ಹಾಕಿದವರು ಕೇಳಿ ಮಾಡಬೇಕಾದ ಕೆಲಸವನ್ನು ಎರಡು ತಿಂಗಳ ಹಿಂದೆ ಸೇರಿದ ನನ್ನಂಥ ಸಹಾಯಕಿ ಯಾರನ್ನೂ ಕೇಳದೆ ಮಾಡಬಹುದು. 2009ರಲ್ಲಿ ಅಲ್ಲಿನ ಸಂಸತ್ತಿನ ಲೆಕ್ಕ ಪರಿಶೋಧನಾ ಕಚೇರಿ ಶಾಲೆಗಳಲ್ಲಿ ನಡೆದ ಇಂಥ ನೂರಾರು ಆರೋಪಗಳನ್ನು ಮುಂದಿಟ್ಟಿತು, ಸಾವುಗಳೂ ಸೇರಿ. ಹೆಚ್ಚುಕಡಿಮೆ ಎಲ್ಲದರಲ್ಲೂ ಅಂಗವಿಕಲ ಮಕ್ಕಳೇ. ಅದರಲ್ಲಿ ಗಂಟೆಗಟ್ಟಲೆ ಬೋರಲು ಹಾಕಿ ಹಿಡಿದದ್ದಕ್ಕೆ ಸತ್ತಳೆನ್ನಲಾದ 7 ವರ್ಷದ ಹುಡುಗಿ ಇದ್ದಾಳೆ. ಅಂಥದೇ ಒಂದು ಕೋಣೆಯೊಳಗೆ ಪ್ರಾಣ ಬಿಟ್ಟ 13 ವರ್ಷದ ಹುಡುಗ ಇದ್ದಾನೆ. 2010ರ ಮಾರ್ಚಿನಲ್ಲಿ ಕೆಳಮನೆ ಒಂದು ಮಸೂದೆ ಪಾಸು ಮಾಡಿತು, ಮೇಲ್ಮನೆಯಲ್ಲಿ ಅದು ಸಿಕ್ಕಿಹಾಕಿಕೊಂಡಿತು. ಆಮೇಲೂ ಮತ್ತೆ ಮತ್ತೆ ತಂದರು, ಮತ್ತೆ ಮತ್ತೆ ಮಲಗಿತು.

ಬೋರಲು ಹಾಕಿ ಹಿಡಿಯುವುದರ ಬಗ್ಗೆ ಒಂದು ಮಾತು, ಯಾಕೆಂದರೆ ಇದು ಗೊತ್ತಿಲ್ಲದೆಯೇ ಅಪಾಯ ಆಗುವುದು. ಉಸಿರು ಎಳೆಯಬೇಕಾದರೆ ಎದೆ ಹಿಗ್ಗಬೇಕು, ಹೊಟ್ಟೆ ಮುಂದಕ್ಕೆ ಉಬ್ಬಬೇಕು. ಮಗು ಬೋರಲು ಬಿದ್ದಿದೆ, ಬೆನ್ನ ಮೇಲೆ ಯಾರದೋ ಮೊಣಕಾಲೋ ತೋಳೋ ಇದೆ ಅಂದರೆ ಎರಡಕ್ಕೂ ಜಾಗ ಇಲ್ಲ. ಮಗು ಒದ್ದಾಡುತ್ತದೆ. ಉಸಿರಿಗೆ ಒದ್ದಾಡುತ್ತಿದೆಯೋ ಹಟಕ್ಕೆ ಒದ್ದಾಡುತ್ತಿದೆಯೋ ಮೇಲೆ ಕೂತವರಿಗೆ ತಿಳಿಯುವುದಿಲ್ಲ, ಇನ್ನೂ ಬಿಗಿಯಾಗಿ ಅದುಮುತ್ತಾರೆ. "ಮಾತಾಡ್ತಿದ್ದಾನಲ್ಲ, ಹಾಗಾದ್ರೆ ಉಸಿರಾಡ್ತಿದ್ದಾನೆ ಬಿಡು" ಅಂತ ಒಬ್ಬರು ತರಬೇತಿಯಲ್ಲಿ ನಮಗೆ ಹೇಳಿದ್ದರು. ಸುಳ್ಳು. ನಾಲ್ಕು ಮಾತಿಗೆ ಬೇಕಾದ ಗಾಳಿ ಬೇರೆ, ಬದುಕಿಗೆ ಬೇಕಾದ ಗಾಳಿ ಬೇರೆ. ಇನ್ನು ಮಾತೇ ಬಾರದ ಮಗುವಾದರೆ ಆ ನಾಲ್ಕು ಮಾತೂ ಇಲ್ಲ.

ಆ ತರಬೇತಿ ಎರಡು ದಿನದ್ದು. ಒಂದೂವರೆ ದಿನ ಹೇಗೆ ಹಿಡಿಯಬೇಕು, ಹೇಗೆ ಕಚ್ಚಿಸಿಕೊಳ್ಳದೆ ಬಿಡಿಸಿಕೊಳ್ಳಬೇಕು, ಇಬ್ಬರು ಸೇರಿ ಹೇಗೆ ಎತ್ತಿಕೊಂಡು ಹೋಗಬೇಕು ಅನ್ನುವುದೇ ಆಯಿತು. ನಾವು ಒಬ್ಬರನ್ನೊಬ್ಬರು ಹಿಡಿದು ಅಭ್ಯಾಸ ಮಾಡಿದೆವು, ತುಂಬಾ ನಕ್ಕೆವು ಕೂಡ. ಮಗು ಯಾಕೆ ಹಾಗೆ ಮಾಡುತ್ತದೆ ಅನ್ನುವುದಕ್ಕೆ ಎರಡನೇ ದಿನ ಊಟ ಆದ ಮೇಲಿನ ಸ್ವಲ್ಪ ಹೊತ್ತು ಸಿಕ್ಕಿತು. ಅರ್ಧ ಜನ ತೂಕಡಿಸುತ್ತಿದ್ದೆವು.

ಇಲ್ಲಿಗೆ ಬರುವಷ್ಟರಲ್ಲಿ ಶಿಕ್ಷಕರು ಯಾರಾದರೂ ಓದುತ್ತಿದ್ದರೆ ಸಿಟ್ಟು ಬಂದಿರುತ್ತದೆ. ನನಗೂ ಬರುತ್ತಿತ್ತು. ಕಚ್ಚಿದರೆ? ಪಕ್ಕದ ಮಗುವಿನ ಕಣ್ಣಿಗೆ ಪೆನ್ಸಿಲ್ ಚುಚ್ಚಲು ಹೋದರೆ? ಗೇಟು ದಾಟಿ ರಸ್ತೆಗೆ ಓಡಿದರೆ? ಓಡುವ ಮಗುವಿನ ಕೈ ಹಿಡಿದು ಎಳೆದುಕೊಳ್ಳಬೇಡಿ ಅಂತ ಯಾರೂ ಹೇಳುತ್ತಿಲ್ಲ, ಹಿಡಿಯಿರಿ, ಆಮೇಲೆ ಬಿಡಿ. ನನ್ನ ಎಡ ಮುಂಗೈ ಮೇಲೆ ಈಗಲೂ ಅರ್ಧ ಚಂದ್ರದ ಹಾಗೆ ಹಲ್ಲಿನ ಗುರುತಿದೆ, ಅದೇ ಹುಡುಗನದು. ಆ ನೋವು ನಿಜ. ಹತ್ತು ಮಕ್ಕಳಿಗೆ ಇಬ್ಬರೇ ಇರುವಾಗ, ಒಬ್ಬರು ರಜೆ ಹಾಕಿದಾಗ ಆಗುವ ಹೆದರಿಕೆಯೂ ನಿಜ. ನಾವು ಯಾರೂ ರಾಕ್ಷಸರಾಗಿರಲಿಲ್ಲ. ನನ್ನ ಜೊತೆಗಿದ್ದ ಹಿರಿಯ ಟೀಚರ್ ತಮ್ಮ ಕರ್ಚೀಫಿನಿಂದಲೇ ಮಕ್ಕಳ ಸಿಂಬಳ ಒರೆಸುತ್ತಿದ್ದವರು. ಅವರೂ ಬಾಗಿಲು ಹಿಡಿದಿದ್ದಾರೆ. ಕೆಟ್ಟವರು ಮಾತ್ರ ಹೀಗೆ ಮಾಡುತ್ತಾರೆ ಅಂದುಕೊಂಡರೆ ಒಳ್ಳೆಯವರ ಕೈಯಲ್ಲಿ ಇದು ಹಾಗೇ ನಡೆಯುತ್ತಾ ಹೋಗುತ್ತದೆ.

ಆದರೆ ಅಪಾಯ ಬಂದಾಗ ಮಾತ್ರ ಅನ್ನುವ ಮಾತಿದೆಯಲ್ಲ, ಅದನ್ನು ರಿಜಿಸ್ಟರ್ ಒಪ್ಪುವುದಿಲ್ಲ. 2019ರ ನವೆಂಬರಿನಲ್ಲಿ 'ಶಿಕಾಗೊ ಟ್ರಿಬ್ಯೂನ್' ಪತ್ರಿಕೆ ಮತ್ತು 'ಪ್ರೊಪಬ್ಲಿಕಾ' ಅನ್ನುವ ಸುದ್ದಿ ಸಂಸ್ಥೆ ಸೇರಿ ಅಮೆರಿಕದ ಇಲಿನಾಯ್ ರಾಜ್ಯದ ಶಾಲೆಗಳ ಇಂಥ ರಿಜಿಸ್ಟರುಗಳನ್ನೇ ತರಿಸಿ ಓದಿದರು. ಒಂದು ಪೂರ್ತಿ ಶಾಲಾ ವರ್ಷ, ಮುಂದಿನ ವರ್ಷದ ಕೆಲವು ತಿಂಗಳು, ಅಷ್ಟರಲ್ಲಿ ಮಕ್ಕಳನ್ನು ಕೂಡಿ ಹಾಕಿದ 20,000ಕ್ಕೂ ಹೆಚ್ಚು ಪ್ರಸಂಗ. ಯಾಕೆ ಹಾಕಿದೆವು ಅಂತ ಬರೆದಿದ್ದವುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡೆ ಯಾರ ಸುರಕ್ಷತೆಯ ಪ್ರಶ್ನೆಯೂ ಇರಲಿಲ್ಲ. ಹಾಲು ಚೆಲ್ಲಿದ್ದಕ್ಕೆ, ಬೈದದ್ದಕ್ಕೆ, ಬರೆಯಲು ಒಲ್ಲೆ ಅಂದದ್ದಕ್ಕೆ. ನಿಮಿಷ ನಿಮಿಷದ ಟಿಪ್ಪಣಿ, ಅತ್ತ, ಬಡಿದ, ಅಮ್ಮ ಬೇಕು ಅಂದ, ಎಲ್ಲ ಅಚ್ಚುಕಟ್ಟಾಗಿ ಬರೆದಿದ್ದರು, ನಾನು ಬರೆದ ಹಾಗೆಯೇ. ವರದಿ ಬಂದ ಮರುದಿನವೇ ಅಲ್ಲಿನ ಶಿಕ್ಷಣ ಮಂಡಳಿ ಮಗುವನ್ನು ಒಂಟಿಯಾಗಿ ಕೂಡಿ ಹಾಕುವುದನ್ನು ತುರ್ತು ನಿಯಮ ತಂದು ನಿಲ್ಲಿಸಿತು. ಮರುದಿನ! ಅಷ್ಟು ವರ್ಷ ಆಗದೇ ಇದ್ದದ್ದು ಒಂದು ದಿನದಲ್ಲಿ ಆಯಿತು. ಕಾಗದದ ಮೇಲೆ, ಅಂತ ಸೇರಿಸುತ್ತೇನೆ, ಯಾಕೆಂದರೆ ನಿಯಮ ಬಂದ ಮೇಲೂ ಹಿಡಿ ಹಿಡಿಯುವ ಕೈಗೆ ಬೇರೆ ಕೆಲಸ ಕಲಿಸಬೇಕಲ್ಲ.

ನಮ್ಮಲ್ಲಿ ಆ ಬೇರೆ ಕೆಲಸ ಶುರುವಾದದ್ದು ಆಕಸ್ಮಿಕವಾಗಿ. ಆ ಹಿರಿಯ ಟೀಚರ್ ಒಂದು ಸಂಜೆ ತಿಂಗಳ ಲೆಕ್ಕ ಕೊಡಬೇಕು ಅಂತ ರಿಜಿಸ್ಟರ್ ಹಿಡಿದು ಕೂತಿದ್ದರು. ಕನ್ನಡಕ ಹಣೆಗೇರಿಸಿ, "ಇವನದ್ದೆಲ್ಲ ಹನ್ನೊಂದೂವರೆಯಿಂದ ಹನ್ನೆರಡರ ಒಳಗೇ ಇದೆಯಲ್ರೀ" ಅಂದರು. ನೋಡಿದರೆ ಹೌದು. ಒಂದೆರಡು ಬಿಟ್ಟರೆ ಎಲ್ಲ ಅದೇ ಹೊತ್ತು. ಆ ಹೊತ್ತಿಗೆ ಏನಿರುತ್ತಿತ್ತು? ಚಿತ್ರ ಬರೆಯುವ ಪೀರಿಯಡ್ ಮುಗಿದು ಅಕ್ಷರ ಬರೆಯುವ ಪೀರಿಯಡ್ ಶುರುವಾಗುವುದು. ಬೆಲ್ ಹೊಡೆದ ಕೂಡಲೇ ನಾವು ಮಕ್ಕಳ ಮುಂದಿನಿಂದ ಹಾಳೆ, ಬಣ್ಣ ಎಲ್ಲ ಎತ್ತಿಡುತ್ತಿದ್ದೆವು. ಅವನು ಯಾವಾಗಲೂ ಬರೆಯುತ್ತಿದ್ದದ್ದು ರೈಲು. ಇಂಜಿನಿನಿಂದ ಶುರು ಮಾಡಿ ಒಂದೊಂದೇ ಡಬ್ಬಿ, ಪ್ರತಿ ಡಬ್ಬಿಗೂ ಕಿಟಕಿ, ಹಾಳೆಯ ಆ ತುದಿ ಮುಟ್ಟುವವರೆಗೆ. ನಾವು ಪ್ರತಿ ದಿನ ಅವನ ರೈಲನ್ನು ನಾಲ್ಕನೆಯದೋ ಐದನೆಯದೋ ಡಬ್ಬಿಯಲ್ಲಿ ಕಿತ್ತುಕೊಳ್ಳುತ್ತಿದ್ದೆವು. ಅವನ ಹತ್ತು ಹನ್ನೆರಡು ಪದಗಳಲ್ಲಿ 'ತಡಿ' ಇರಲಿಲ್ಲ.

ನಮ್ಮ ರಿಜಿಸ್ಟರಿನ ಮೊದಲ ಸಾಲು ಯಾವಾಗಲೂ 'ಒದೆಯುತ್ತಿದ್ದಾನೆ', 'ಎಸೆದ', 'ಕಚ್ಚಿದ' ಅಂತಲೇ ಶುರು. ಅದಕ್ಕಿಂತ ಹತ್ತು ನಿಮಿಷ ಮೊದಲು ಏನಾಯಿತು ಅನ್ನುವುದು ಎಲ್ಲೂ ಇಲ್ಲ. ಕತೆಯನ್ನು ಮಧ್ಯದಿಂದ ಶುರು ಮಾಡಿದರೆ ಮಗುವೇ ವಿಲನ್ ಆಗುತ್ತದೆ.

ಆಮೇಲೆ ನಾವು ಮಾಡಿದ್ದು ಹೇಳಿದರೆ ನಗು ಬರಬಹುದು. ಮರಳು ಸುರಿಯುವ ಐದು ನಿಮಿಷದ ಗಡಿಯಾರ ತಂದು ಅವನ ಮೇಜಿನ ಮೇಲಿಟ್ಟೆವು, ಬೆಲ್ಲಿಗೆ ಮೊದಲೇ ಅದನ್ನು ತಿರುಗಿಸುತ್ತಿದ್ದೆವು. 'ಇನ್ನೂ ಸ್ವಲ್ಪ' ಅನ್ನುವುದಕ್ಕೆ ಒಂದು ಚಿತ್ರದ ಕಾರ್ಡು ಮಾಡಿಕೊಟ್ಟೆವು, ಅಂಗೈ ತೋರಿಸುವ ಚಿತ್ರ. ಅವನು ಅದನ್ನು ಎತ್ತಿದರೆ ರೈಲು ಮುಗಿಯುವವರೆಗೆ ಯಾರೂ ಹಾಳೆ ಮುಟ್ಟುವ ಹಾಗಿಲ್ಲ. ಮೊದಲ ವಾರ ಒಂದೇ ದಿನ ನಲವತ್ತು ಸಲ ಎತ್ತಿದ. ಊಟಕ್ಕೆ ಎತ್ತಿದ, ಮನೆಗೆ ಹೋಗುವಾಗ ಎತ್ತಿದ, ನಾನು ಮೂಗು ಒರೆಸಲು ಹೋದರೂ ಎತ್ತಿದ. ಅಲ್ಲಿಯವರೆಗೆ ಯಾರೂ ಅವನ ಮಾತು ಕೇಳಿ ನಿಂತಿರಲಿಲ್ಲ, ಅದಕ್ಕೆ ಪರೀಕ್ಷೆ ಮಾಡಿ ನೋಡುತ್ತಿದ್ದನೇನೋ. ಎಲ್ಲ ಸರಿಹೋಯಿತು ಅಂತ ಹೇಳಲಾರೆ. ನನ್ನ ಕೈ ಮೇಲಿನ ಗುರುತು ಇದಾದ ಮೇಲಿನದೇ, ಒಂದು ದಿನ ಟ್ಯೂಬ್‌ಲೈಟು ಬೆಳಗಿನಿಂದ ಗುಂಯ್‌ಗುಡುತ್ತಿತ್ತು, ನಮ್ಮ ಕಿವಿಗೆ ಬೀಳದ್ದು ಅವನ ಕಿವಿಗೆ ಬಿದ್ದಿತ್ತು. ಆ ದಿನ ಬಾಗಿಲು ಹಿಡಿಯಲಿಲ್ಲ. ಉಳಿದ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದೆವು, ಲೈಟು ಆರಿಸಿದೆವು, ಟೀಚರ್ ಅವನಿಂದ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಸುಮ್ಮನೆ ಕೂತರು. ಅವನು ಮೇಜಿನ ಕೆಳಗೆ ಹೋಗಿ ಕೂತ. ಬಾಗಿಲು ತೆರೆದೇ ಇತ್ತು. ಹದಿನೈದು ನಿಮಿಷಕ್ಕೆ ತಾನೇ ಹೊರಗೆ ಬಂದ.

ಮಗುವಿಗೆ ಒಬ್ಬನೇ ಇರಬೇಕು ಅನಿಸುವುದು ಬೇರೆ. ಗದ್ದಲ ಸಾಕಾಗಿ ಮೂಲೆ ಹಿಡಿಯುವ ಮಕ್ಕಳಿದ್ದಾರೆ, ಅವರಿಗೆ ಅಂಥ ಮೂಲೆ ಬೇಕೇ ಬೇಕು. ತಾನೇ ಹೋಗಬಹುದು, ತಾನೇ ಬರಬಹುದು ಅನ್ನುವುದಷ್ಟೇ ವ್ಯತ್ಯಾಸ. ಅದೇ ಕೋಣೆ, ಅದೇ ಫೋಮ್, ಬಾಗಿಲು ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಎಲ್ಲ ಬದಲಾಗುತ್ತದೆ.

ಇದು ಒಂದು ಕ್ಲಾಸಿನ ಕತೆ, ದೊಡ್ಡ ಕಡೆ ನಡೆಯಲ್ಲ ಅನ್ನುವವರಿಗೆ ಅಮೆರಿಕದ ವರ್ಜೀನಿಯಾ ರಾಜ್ಯದ ಗ್ರಾಫ್ಟನ್ ಅನ್ನುವ ಸಂಸ್ಥೆಯ ಉದಾಹರಣೆ ಇದೆ. ತೀರಾ ಕಷ್ಟ ಅಂತ ಬೇರೆ ಕಡೆಯಿಂದ ಕಳಿಸಿದ ಮಕ್ಕಳೇ ಅಲ್ಲಿಗೆ ಬರುವುದು. ಇಪ್ಪತ್ತು ವರ್ಷದ ಹಿಂದೆ ಅವರು ಹಿಡಿಯುವುದನ್ನು, ಕೂಡಿ ಹಾಕುವುದನ್ನು ಬಿಡಬೇಕು ಅಂತ ಗಟ್ಟಿ ಮನಸ್ಸು ಮಾಡಿದರು. ಹೊಡೆಯಲು ಬಂದ ಮಗುವನ್ನು ಹಿಡಿಯುವ ಬದಲು ಮಧ್ಯೆ ಒಂದು ದಪ್ಪ ಮೆತ್ತೆ ಹಿಡಿದು ಏಟು ತಪ್ಪಿಸಿಕೊಳ್ಳುವುದು, ಹಿಂದೆ ಸರಿಯುವುದು, ಮಾತು ಕಡಿಮೆ ಮಾಡುವುದು. ಕೂಡಿ ಹಾಕುವುದು ನಿಂತೇ ಹೋಯಿತು, ಹಿಡಿಯುವುದು ಹೆಚ್ಚುಕಡಿಮೆ ಇಲ್ಲವಾಯಿತು. ಸಿಬ್ಬಂದಿಗೆ ಗಾಯ ಜಾಸ್ತಿಯಾಗಬಹುದು ಅಂದುಕೊಂಡಿದ್ದವರಿಗೆ ಆಶ್ಚರ್ಯ, ಅದು ಇಳಿಯಿತು. ನನಗೆ ಆಶ್ಚರ್ಯ ಆಗಲಿಲ್ಲ. ನಾನು ತಿಂದ ಏಟುಗಳಲ್ಲಿ ಹೆಚ್ಚಿನವು ನಾನು ಹಿಡಿಯಲು ಹೋದಾಗ ಬಿದ್ದವು.

ಅಮೆರಿಕದ ಶಿಕ್ಷಣ ಇಲಾಖೆಯೇ 2012ರಲ್ಲಿ ಬರೆದಿದೆ, ಹಿಡಿಯುವುದರಿಂದ, ಕೂಡಿ ಹಾಕುವುದರಿಂದ ಮಗುವಿನ ಇಂಥ ನಡವಳಿಕೆ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ ಅಂತ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿ, ಅಂಗವೈಕಲ್ಯ ಇದೆ ಅನ್ನುವುದು ಒಬ್ಬರ ಸ್ವಾತಂತ್ರ್ಯ ಕಿತ್ತುಕೊಳ್ಳಲು ಯಾವತ್ತೂ ಕಾರಣ ಆಗಬಾರದು ಅನ್ನುತ್ತದೆ. ಬೇರೆ ಯಾವ ಮಗುವನ್ನಾದರೂ ಹಾಲು ಚೆಲ್ಲಿದ್ದಕ್ಕೆ ಕಿಟಕಿಯಿಲ್ಲದ ಕೋಣೆಯಲ್ಲಿ ಹಾಕಿ ಬಾಗಿಲು ಹಿಡಿದರೆ ಅಪ್ಪ ಅಮ್ಮ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತಾರೆ. ಈ ಮಕ್ಕಳ ಅಪ್ಪ ಅಮ್ಮ ಹೋಗುವುದಿಲ್ಲ. ಒಂದು, ಗೊತ್ತೇ ಆಗುವುದಿಲ್ಲ, ಮಗು ಹೇಳುವುದಿಲ್ಲ. ಎರಡು, ಗೊತ್ತಾದರೂ ಬಾಯಿ ಬಿಡಲು ಭಯ, ಬೇರೆ ಶಾಲೆ ಸಿಗಬೇಕಲ್ಲ. ಎಷ್ಟೋ ಬಾಗಿಲು ತಟ್ಟಿ ಕೊನೆಗೆ ಇಲ್ಲಿ ಸೇರಿಸಿಕೊಂಡರು ಅನ್ನುವ ಋಣ ಅವರ ಮುಖದಲ್ಲೇ ಕಾಣುತ್ತದೆ. ನಾವು ಆ ಋಣದ ಮೇಲೆ ನಡೆಯುತ್ತಿದ್ದೆವು.

ಮೊದಲು ಬೇಕಾದದ್ದು, ನಡೆದದ್ದನ್ನು ಮನೆಗೆ ಹೇಳುವುದು, ಅದೇ ದಿನ, ಬರವಣಿಗೆಯಲ್ಲಿ. ಬೇರೆ ಎಲ್ಲ ಸುಧಾರಣೆಗೂ ದುಡ್ಡು ಬೇಕು, ಜನ ಬೇಕು, ತರಬೇತಿ ಬೇಕು. ಇದಕ್ಕೆ ಒಂದು ಪೆನ್ನು ಸಾಕು. ಇದನ್ನು ಅವನಮ್ಮನಿಗೆ ಬರೆದು ಕಳಿಸಬೇಕು ಅಂತ ನಿಯಮ ಇದ್ದಿದ್ದರೆ ನಾನು ಆ ಹಿಡಿಯನ್ನು 22 ನಿಮಿಷ ಹಿಡಿಯುತ್ತಿದ್ದೆನೇ?

ಹೋದ ವರ್ಷ ಅವನಮ್ಮನಿಗೆ ಫೋನ್ ಮಾಡಿದೆ. ನಂಬರ್ ಬದಲಾಗಿರಲಿಲ್ಲ. ಅವನಿಗೀಗ ಹದಿನೇಳು. ಚೆನ್ನಾಗಿದ್ದಾನೆ, ನನ್ನ ಎತ್ತರಕ್ಕಿಂತ ಮೇಲೆ ಹೋಗಿದ್ದಾನೆ, ಈಗ ರೈಲು ಬಿಟ್ಟು ಬರೀ ಹಳಿ ಬರೀತಾನೆ ಅಂದರು. ಬಾತ್‌ರೂಮ್ ಬಾಗಿಲಿನ ವಿಷಯ ನೆನಪಿದೆಯಾ ಅಂತ ನಾನು ಕೇಳಿದೆ. ನೆನಪಿರದೇ ಏನು, ಇವತ್ತಿಗೂ ಹಾಕೋಕೆ ಬಿಡಲ್ಲ, ನಾವೆಲ್ಲ ಪರದೆ ಹಾಕ್ಕೊಂಡಿದೀವಿ ಅಂದರು.

ಹೇಳಿದೆ. ಕೋಣೆ, ಹಿಡಿ, ಗಾಜು, ಬೆರಳು, ಎಲ್ಲ. ಆ ದಿನ ಸುಳ್ಳು ಹೇಳಿದ್ದನ್ನೂ ಹೇಳಿದೆ. ಆ ಕಡೆಯಿಂದ ತುಂಬಾ ಹೊತ್ತು ಏನೂ ಕೇಳಿಸಲಿಲ್ಲ. ಕಟ್ ಆಯಿತೇನೋ ಅಂದುಕೊಂಡೆ.

"ಎಷ್ಟು ಸಲ, ಮಿಸ್?"

ನಾನು ಹಿಡಿದದ್ದು ಆರು ಸಲ ಅಂದೆ. ಬೇರೆಯವರು ಹಿಡಿದದ್ದು ಬೇರೆ.

"ಎಷ್ಟೆಷ್ಟು ಹೊತ್ತು?"

ಮೊದಲನೇ ಸಲ 22 ನಿಮಿಷ ಅಂದೆ. "ಒಂದ್ನಿಮಿಷ ಇರಿ" ಅಂದರು. ಡ್ರಾಯರ್ ಎಳೆದ ಸದ್ದು ಬಂತು, ಆಮೇಲೆ ಕಾಗದ ಹರಡಿದ್ದು. "ಹ್ಞಾಂ, ಹೇಳಿ. ತಾರೀಖು ನೆನಪಿದ್ರೆ ಅದನ್ನೂ ಹೇಳಿ." ನಾನು ಹೇಳುತ್ತಾ ಹೋದೆ, ಅವರು ಬರೆದುಕೊಳ್ಳುತ್ತಾ ಹೋದರು.